ಬೀಗ ಬದಲಿಸುವ ಆಸಾಮಿ
ಆಸ್ಪತ್ರೆಯ ದೊಡ್ಡ ಕಂಪ್ಯೂಟರುಗಳಲ್ಲಿ ಒಬ್ಬ ರೋಗಿಯ ದಾಖಲೆಗೆ ಇಬ್ಬರು ಏಕಕಾಲಕ್ಕೆ ಕೈಹಾಕದಂತೆ ತಡೆಯುವ ಬೀಗದ ತಂತ್ರಾಂಶವೊಂದಿದೆ. ತಪ್ಪಿದರೆ ಇವನ ಮಾತ್ರೆ ಅವನ ಬಾಯಿಗೆ. ಆಸ್ಪತ್ರೆಯ ಕೆಲಸ ಏನನ್ನೂ ನಿಲ್ಲಿಸದೆ, ಒಂದೊಂದೇ ಕಂಪ್ಯೂಟರಿನಲ್ಲಿ ಹಳೆಯ ಬೀಗ ಕಿತ್ತು ಹೊಸದನ್ನು ಕೂರಿಸುವುದು, ಎಲ್ಲರೂ ಬೀಗದಣ್ಣ ಎಂದು ಕರೆಯುವವನ ಕೆಲಸ. ಸೀನು ಬಂದರೂ ಹೊರಗೆ ಹೋಗಿ ಸೀನುವ ಆಸಾಮಿ. "ಒಂದೇ ಏಟಿಗೆ ಮುಗಿಸ್ರೀ" ಎಂದು ಸಾಹೇಬರು ಗದರಿದರೆ, "ನಡೀತಿರೋನ ಚಪ್ಪಲಿ ಬದಲಾಯಿಸೋದು ಸಾರ್, ಒಂದೊಂದೇ ಕಾಲು" ಎನ್ನುತ್ತಾನೆ. "ಯಂತ್ರ ಕಣಯ್ಯಾ ಅದು, ಬಾಣಂತಿಯಲ್ಲ" ಎಂದು ಜೊತೆಯವರು ಆಡಿಕೊಳ್ಳುತ್ತಾರೆ. ಕೊನೆಯ ಕಂಪ್ಯೂಟರಿನ ಸರದಿ ಬಂದ ದಿನ ಅವನ ಹೆಂಡತಿಯೇ ಮೇಲಿನ ಮಹಡಿಯಲ್ಲಿ ಶಸ್ತ್ರಚಿಕಿತ್ಸೆಗೆ ಮಲಗಿದ್ದಳು. ಅವಳ ರಕ್ತದ ಗುಂಪೂ ಅದೇ ಕಂಪ್ಯೂಟರಿನಲ್ಲಿತ್ತು. "ನಾಳೆ ಮಾಡೋಣ ಬಿಡ್ರೀ" ಎಂದರು ಸಾಹೇಬರು. "ನಿನ್ನೆ ಬೀಗ ಬದಲಿಸ್ದಾಗ ಮಲಗಿದ್ದೋರೂ ಯಾರ್ಯಾರ್ದೋ ಹೆಂಡ್ತೀರೇ ಅಲ್ವಾ ಸಾರ್" ಎಂದವನೇ ಗುಂಡಿ ಒತ್ತಿದ. ಒತ್ತಿದ ಬೆರಳು ಮಾತ್ರ ಬಹಳ ಹೊತ್ತು ಮೇಲೇಳಲಿಲ್ಲ.