ವಿಶ್ವಕರ್ಮ ಪೂಜೆಯ ದಿನ ಬಂದ ಆರು ಹೊಲಿಗೆ ಯಂತ್ರಗಳು

ಕೊರೋನಾ ಕಳೆದ ಎರಡನೆಯ ವರ್ಷ. ಕೋಲ್ಕತ್ತಾದಲ್ಲಿ ಚರ್ಮದ ಕೆಲಸದ ತರಬೇತಿ ಕೊಡುವ ಒಂದು ಸರ್ಕಾರಿ ಕೇಂದ್ರದಲ್ಲಿ ನಾನು ಹೊಲಿಗೆ ಯಂತ್ರ ವಿಭಾಗದ ಹಿರಿಯ ಬೋಧಕಿಯಾಗಿದ್ದೆ. ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ. ನನ್ನ ಊರು ಕುಂದಾಪುರದ ಕಡೆ. ಗಂಡನ ಬ್ಯಾಂಕ್ ಕೆಲಸದ ಹಿಂದೆ ಕೋಲ್ಕತ್ತಾಕ್ಕೆ ಬಂದು, ಟೆಕ್ಸ್‌ಟೈಲ್ ಡಿಪ್ಲೊಮಾ ಹಿಡಿದುಕೊಂಡು ಕೆಲಸ ಹುಡುಕುವಾಗ ಸಿಕ್ಕಿದ್ದು ಚರ್ಮ. ಭಟ್ಟರ ಮನೆ ಸೊಸೆ ಚರ್ಮದ ಕೆಲಸಕ್ಕೆ ಹೋಗುತ್ತಾಳಂತೆ ಎಂದು ಊರಿನಲ್ಲಿ ಮೂಗು ಮುರಿದವರು ಇದ್ದರು. ಮುರಿದುಕೊಳ್ಳಲಿ ಎಂದು ಸುಮ್ಮನಿದ್ದೆ. ನಗರದ ಉತ್ತರ ತುದಿಯ ಡಮ್ ಡಮ್‌ನ ಮನೆಯಿಂದ ಲೋಕಲ್ ರೈಲು ಹಿಡಿದು ದಿನಾ ಹೋಗಿ ಬಂದೆ, ಯಂತ್ರಗಳನ್ನು ಬಿಚ್ಚಿ ಜೋಡಿಸುವುದನ್ನು ಕಲಿತೆ, ಕಲಿಸಿದೆ. ಆ ಕೆಲಸ ನನಗೆ ತುಂಬ ಸಂತೋಷ ಕೊಟ್ಟಿದೆ. ಆದರೆ ಯಾರಾದರೂ ನಿಮ್ಮ ಸರ್ವೀಸಿನಲ್ಲಿ ಮರೆಯಲಾಗದ್ದು ಯಾವುದು ಎಂದು ಕೇಳಿದರೆ ನೆನಪಾಗುವುದು ಸಂತೋಷದ್ದಲ್ಲ. ಸಲ್ಮಾಳ ವಿಷಯ.

ಸಲ್ಮಾ ಅದೇ ನಗರದ ತೋಪ್ಸಿಯಾ ಬಡಾವಣೆಯ ಒಂದು ಗಲ್ಲಿಯವಳು. ಚಿಕ್ಕಂದಿನಿಂದ ಮನೆಯಲ್ಲೇ ಕೂತು ಚರ್ಮದ ಚೀಲ ಹೊಲಿದವಳು. ದಳ್ಳಾಳಿ ಕತ್ತರಿಸಿದ ತುಂಡುಗಳನ್ನು ತಂದು ಸುರಿಯುತ್ತಿದ್ದ, ಇವಳು ಮತ್ತು ಗಲ್ಲಿಯ ಇತರ ಹೆಂಗಸರು ಹೊಲಿದು ಕೊಡುತ್ತಿದ್ದರು. ತೆಳುವಾದ ಕಡೆ ಕಾಲಿನಿಂದ ತುಳಿಯುವ ಹಳೆಯ ಯಂತ್ರ, ದಪ್ಪ ಬಂದ ಕಡೆ ದಬ್ಬಣ ಮತ್ತು ಕೈ. ಅವಳ ಬಲಗೈ ಹೆಬ್ಬೆರಳು ಆಗಲೇ ಸೊಟ್ಟಗಾಗಿತ್ತು. ಆದರೂ ಅವಳ ಹೊಲಿಗೆ ನೋಡಿದರೆ ಅಳತೆಪಟ್ಟಿ ಇಟ್ಟು ಹಾಕಿದ ಹಾಗೆ ಇರುತ್ತಿತ್ತು.

ಅದನ್ನು ನೋಡಿಯೇ ಒಬ್ಬ ರಫ್ತುದಾರ ಅವಳಿಗೆ ಹೇಳಿದ್ದ: ನಿಮ್ಮದೇ ಒಂದು ವರ್ಕ್‌ಶಾಪ್ ಮಾಡಿ, ಯಂತ್ರದಲ್ಲಿ ಹೊಲಿದ ಸ್ಯಾಂಪಲ್ ಕೊಡಿ, ಪಾಸಾದರೆ ಕೆಲಸ ನೇರವಾಗಿ ನಿಮಗೇ. ಅಂದರೆ ದಳ್ಳಾಳಿಯ ಹಂಗಿಲ್ಲ. ನೆಲದ ಮೇಲೆ ಬಾಗಿ ಕೂರುವುದಿಲ್ಲ. ಸಲ್ಮಾ ಮನೆಮನೆ ಹತ್ತಿ ಇಳಿದು ಗಲ್ಲಿಯ ಹೆಂಗಸರನ್ನು ಸೇರಿಸಿ ಗುಂಪು ಕಟ್ಟಿದಳು. "ನಾನಿದ್ದೇನೆ, ನನಗೆ ಕೆಲಸ ಗೊತ್ತು" ಎಂದು ಅವರ ಗಂಡಂದಿರಿಗೂ ಅತ್ತೆಯರಿಗೂ ಮಾತು ಕೊಟ್ಟಳು. ಸರ್ಕಾರದ ಒಂದು ಯೋಜನೆಯಲ್ಲಿ ಗುಂಪಿಗೆ ಆರು ಹೊಲಿಗೆ ಯಂತ್ರ ಮಂಜೂರಾಯಿತು. ಯಾವ ಯಂತ್ರ ಎಂದು ಬರೆದುಕೊಡುವ ಕೆಲಸ ನನಗೆ ಬಂತು.

ಇಲ್ಲಿ ಸ್ವಲ್ಪ ವಿವರ ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ಯಾಕೆಂದು ಗೊತ್ತಾಗುವುದಿಲ್ಲ. ಬಟ್ಟೆಗೆ ಸೂಜಿ ಚುಚ್ಚಿದರೆ ಎಳೆಗಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಹೊಲಿಗೆ ಬಿಚ್ಚಿದರೆ ಮತ್ತೆ ಕೂಡಿಕೊಳ್ಳುತ್ತವೆ. ಚರ್ಮಕ್ಕೆ ಬಿದ್ದ ತೂತು ತೂತೇ. ಒಂದು ಸಾಲು ತಪ್ಪಿದರೆ ಆ ತುಂಡು ಕಸಕ್ಕೆ. ಇನ್ನು ಯಂತ್ರ ಚರ್ಮವನ್ನು ಮುಂದಕ್ಕೆ ಎಳೆಯುವ ಬಗೆ, ಅದಕ್ಕೆ ಫೀಡ್ ಎನ್ನುತ್ತಾರೆ. ಸಾಮಾನ್ಯ ಯಂತ್ರದಲ್ಲಿ ಕೆಳಗಿನ ಹಲ್ಲುಗಳು ಮಾತ್ರ ಎಳೆಯುತ್ತವೆ, ಮೇಲಿನ ಪ್ರೆಸರ್ ಫೂಟ್ ಸುಮ್ಮನೆ ಒತ್ತಿ ಹಿಡಿದಿರುತ್ತದೆ. ಬಟ್ಟೆಗೆ ಅಷ್ಟು ಸಾಕು. ಚರ್ಮ ಆ ಫೂಟಿಗೆ ಅಂಟಿಕೊಂಡು ನಿಲ್ಲುತ್ತದೆ. ಕೆಳಗಿನ ಪದರ ಮುಂದೆ ಹೋಗುತ್ತದೆ, ಮೇಲಿನದು ಹಿಂದೆ ಉಳಿಯುತ್ತದೆ. ಮೇಲಾಗಿ ಅಡಿಯಲ್ಲಿ ಹಲ್ಲಿನ ಗುರುತು. ಇದಕ್ಕಾಗಿಯೇ ಕಾಂಪೌಂಡ್ ಫೀಡ್ ಎಂಬ ವ್ಯವಸ್ಥೆ ಇದೆ. ಅದರಲ್ಲಿ ಚರ್ಮದೊಳಗೆ ಇಳಿದ ಸೂಜಿ, ಮೇಲಿನ ಫೂಟ್, ಕೆಳಗಿನ ಹಲ್ಲು ಮೂರೂ ಒಟ್ಟಿಗೆ ಹೆಜ್ಜೆ ಹಾಕುತ್ತವೆ. ಪದರ ಜಾರುವ ಮಾತೇ ಇಲ್ಲ.

ಸಲ್ಮಾ ತನ್ನ ಚೀಲವನ್ನು ನನ್ನ ಮೇಜಿನ ಮೇಲಿಟ್ಟು ಹಿಡಿಕೆ ಸೇರುವ ಜಾಗವನ್ನು ಬೆರಳಿನಿಂದ ಒತ್ತಿ ತೋರಿಸಿದಳು. ಅಲ್ಲಿ ಚರ್ಮ ನಾಲ್ಕು ಪದರ, ನಡುವೆ ಗಟ್ಟಿ ಹಾಳೆ. ಹೊಲಿಗೆ ತೆಳುವಿನಿಂದ ದಪ್ಪಕ್ಕೆ ಮೆಟ್ಟಿಲು ಹತ್ತಬೇಕು, ಮತ್ತೆ ಇಳಿಯಬೇಕು. "ದೀದಿ, ಬಾಕಿ ಎಲ್ಲ ಯಾವ ಮಿಷನ್ನಿನಲ್ಲಾದರೂ ಆಗುತ್ತೆ. ಇದೊಂದು ಆಗಬೇಕು" ಎಂದಳು. ನಾನು ಬರೆದೆ: ಕಾಂಪೌಂಡ್ ಫೀಡ್, ಚೀಲದ ಬಾಯಿ ತೂರಿಸಲು ಬರುವಂಥ ಸಿಲಿಂಡರ್ ಆರ್ಮ್, ದೊಡ್ಡ ಬಾಬಿನ್, ಚರ್ಮ ಕೊಯ್ದುಕೊಂಡು ಇಳಿಯುವ ಮೊನೆಯ ದಪ್ಪ ಸೂಜಿ, ಒಂದೊಂದೇ ಹೊಲಿಗೆ ಹಾಕಲು ಬರುವ ಸರ್ವೋ ಮೋಟಾರ್.

ಖರೀದಿ ಸಮಿತಿಯ ಅಧ್ಯಕ್ಷರು ನಮ್ಮ ನಿರ್ದೇಶಕ ದತ್ತಾ ಸಾಹೇಬರು. ಒಳ್ಳೆಯ ಮಾತುಗಾರ, ಸೂಜಿಗೆ ದಾರ ಪೋಣಿಸಿದವರಲ್ಲ. ಸಮಿತಿಯ ಮುಂದೆ ಬಂದ ಕೊಟೇಶನ್‌ಗಳಲ್ಲಿ ನಾನು ಹೇಳಿದ ಯಂತ್ರದ ವೇಗ ಕಡಿಮೆ, ಬೆಲೆ ಹೆಚ್ಚು. ಇನ್ನೊಂದು ಯಂತ್ರಕ್ಕೆ ವೇಗ ಸುಮಾರು ಎರಡು ಪಟ್ಟು, ಬೆಲೆ ಕಡಿಮೆ, ಮೇಲೆ ಹೆವಿ ಡ್ಯೂಟಿ ಎಂಬ ದಪ್ಪ ಅಕ್ಷರ. ಅದು ಸುಳ್ಳೂ ಅಲ್ಲ. ಜೀನ್ಸಿಗೆ, ಕ್ಯಾನ್ವಾಸಿಗೆ ಅದು ಹೆವಿ ಡ್ಯೂಟಿಯೇ. ಆದರೆ ಎಳೆಯುವುದು ಕೆಳಗಿನ ಹಲ್ಲು ಮಾತ್ರ.

"ಮ್ಯಾಡಮ್, ಹೆವಿ ಡ್ಯೂಟಿ ಅಂತಾನೇ ಬರೆದಿದೆಯಲ್ಲ. ಇನ್ನೇನು ಬೇಕು ನಿಮಗೆ?" ಎಂದರು ದತ್ತಾ ಸಾಹೇಬರು.

"ಸರ್, ಚರ್ಮಕ್ಕೆ ವೇಗ ತಗೊಂಡು ಏನು ಮಾಡೋದು? ಜೋರಾಗಿ ಓಡಿದರೆ ಸೂಜಿ ಕಾಯುತ್ತೆ, ದಾರ ಕಿತ್ತು ಹೋಗುತ್ತೆ" ಎಂದೆ. ಯಾರ ಕಿವಿಗೂ ಬೀಳಲಿಲ್ಲ, ಅಗ್ಗದ ಯಂತ್ರವೇ ಆಯ್ಕೆಯಾಯಿತು. ಕೊನೆಗೆ ಜಗಳವಾಡಿ ಒಂದು ಷರತ್ತು ಸೇರಿಸಿದೆ: ಸಲ್ಮಾಳ ಚೀಲದ ಹಿಡಿಕೆಯ ಜಾಗವನ್ನು ಹೊಲಿದು ತೋರಿಸಿದ ಮೇಲೆಯೇ ಯಂತ್ರ ಒಪ್ಪಿಕೊಳ್ಳತಕ್ಕದ್ದು. ಅದಕ್ಕೆ ಎಲ್ಲರೂ ತಲೆಯಾಡಿಸಿದರು. ಅಬ್ಬಾ, ಇಷ್ಟಾದರೂ ಆಯಿತಲ್ಲ ಎಂದು ಮನೆಗೆ ಬಂದೆ. ನನ್ನ ಮುಖ ನೋಡಿ ಗಂಡ, "ಎಂತಕ್ ಮಾರಾಯ್ತಿ ಅಷ್ಟ್ ಸಿಟ್ಟ್? ನೀ ಬರ್ದ್ ಕೊಟ್ಟಾಯ್ತಲ್ದಾ, ನಿನ್ ಕೆಲ್ಸ ಮುಗೀತ್" ಎಂದರು. "ನಿಮ್ ಬ್ಯಾಂಕಲ್ಲಿ ಹಾಂಗ್ ಮುಗ್ಸ್ತ್ರಿ, ನಂಗ್ ಆತಿಲ್ಲೆ" ಎಂದು ಅವರ ಮೇಲೂ ಹರಿಹಾಯ್ದೆ.

ಯಂತ್ರಗಳು ಬರುವುದು ತಡವಾಯಿತು. ಬಂದದ್ದು ಸೆಪ್ಟೆಂಬರಿನಲ್ಲಿ, ವಿಶ್ವಕರ್ಮ ಪೂಜೆಯ ಬೆಳಗ್ಗೆ. ಈ ಊರಿನಲ್ಲಿ ಆ ದಿನ ಎಂದರೆ ಯಂತ್ರ ಇರುವ ಕಡೆಯೆಲ್ಲ ಪೂಜೆ. ರಿಕ್ಷಾ ಸ್ಟ್ಯಾಂಡಿನಿಂದ ಹಿಡಿದು ದೊಡ್ಡ ಕಾರ್ಖಾನೆಯವರೆಗೆ ಮೂರ್ತಿ ಕೂರಿಸುತ್ತಾರೆ, ಖಿಚುಡಿ ಬಡಿಸುತ್ತಾರೆ, ಆಕಾಶದ ತುಂಬ ಗಾಳಿಪಟ. ಮತ್ತೆ ಆ ದಿನ ಯಾವ ಯಂತ್ರವನ್ನೂ ಓಡಿಸುವುದಿಲ್ಲ. ನಮ್ಮ ಕಡೆ ಆಯುಧಪೂಜೆಗೆ ಇಟ್ಟ ಕತ್ತಿಯನ್ನು ಮುಟ್ಟದಿರುವ ಹಾಗೆ. ವರ್ಷದಲ್ಲಿ ಇಷ್ಟೊಂದು ದಿನ ಇರುವಾಗ ಹಸ್ತಾಂತರ ಸಮಾರಂಭಕ್ಕೆ ಅದೇ ದಿನವನ್ನು ಆರಿಸಿದ್ದರು! ಶುಭದಿನವಂತೆ.

ಆರೂ ಯಂತ್ರಕ್ಕೆ ಕುಂಕುಮ, ಚೆಂಡುಹೂವಿನ ಹಾರ. ಪೂಜೆ ಮುಗಿಯಿತು, ಫೋಟೋ ಆಯಿತು. ಸರಬರಾಜು ಮಾಡಿದ ಡೀಲರಿನ ಕಡೆಯವನು ಸ್ವೀಕೃತಿ ಪತ್ರ ತೆಗೆದು ಸಲ್ಮಾಳ ಮುಂದೆ ಹಿಡಿದ.

"ಟ್ರಯಲ್ ಎಲ್ಲಿ?" ಎಂದೆ.

ಅವನು ಜೇಬಿನಿಂದ ಒಂದು ಬೆಲ್ಟಿನ ತುಂಡು ತೆಗೆದ. "ಗೋಡೌನಿನಲ್ಲಿ ಮಾಡಿಯೇ ತಂದಿದ್ದೀವಿ ಮ್ಯಾಡಮ್, ನೋಡಿ." ಒಂದೇ ಪದರ, ನೇರ ಗೆರೆ. ಅಷ್ಟನ್ನು ನನ್ನ ಮನೆಯ ಹೊಲಿಗೆ ಯಂತ್ರವೂ ಮಾಡುತ್ತದೆ.

"ಇವರ ಚೀಲ ಇಲ್ಲೇ ಇದೆ. ಒಂದು ಹಿಡಿಕೆ ಹೊಲಿಯಲಿ, ಆಮೇಲೆ ಸಹಿ" ಎಂದೆ.

ದತ್ತಾ ಸಾಹೇಬರು ನಕ್ಕರು. "ಪೂಜೆಯ ದಿನ ಮಿಷನ್ ಓಡಿಸೋದಾ? ಮ್ಯಾಡಮ್, ನೀವು ಇಷ್ಟು ವರ್ಷ ಇಲ್ಲಿದ್ದೂ ನಮ್ಮ ಪದ್ಧತಿ ಗೊತ್ತಿಲ್ಲವಾ?" ಸುತ್ತ ಇದ್ದವರೂ ನಕ್ಕರು.

"ಗೊತ್ತಿದೆ ಸರ್. ಅದಕ್ಕೇ ಹೇಳ್ತಿದ್ದೀನಿ, ಸಹಿಯೂ ನಾಳೆಯೇ ಆಗಲಿ."

ಅಷ್ಟರಲ್ಲಿ ಸಲ್ಮಾ ನನ್ನ ಸೆರಗು ಜಗ್ಗಿದಳು. ಪಕ್ಕಕ್ಕೆ ಕರೆದು ಮೆಲ್ಲಗೆ, "ಬಿಡಿ ದೀದಿ. ಇವತ್ತು ಮಿಷನ್ ಓಡಿಸಿ ಅಂತ ನನ್ನ ಕಡೆಯಿಂದ ಮಾತು ಬಂದರೆ ಜನ ಬೇರೆ ಅರ್ಥ ಮಾಡ್ತಾರೆ. ನನ್ನ ಹೆಸರು ನಿಮಗೆ ಗೊತ್ತಲ್ಲ. ನಾನು ನಾಳೆಯೂ ಇದೇ ಊರಿನಲ್ಲಿ ಬದುಕಬೇಕು" ಎಂದಳು.

ನಾನು ಟ್ರಯಲಿನ ಮಾತು ಬಿಟ್ಟೆ. ನನ್ನ ಸಹಿ ಹಾಕುವುದಿಲ್ಲ ಎಂದೆ, ಹಾಕಲಿಲ್ಲ. ಅದರಿಂದ ಏನೂ ಕೊಳ್ಳೆ ಹೋಗಲಿಲ್ಲ, ಯಾಕೆಂದರೆ ಬೇಕಾಗಿದ್ದದ್ದು ಗುಂಪಿನ ಮುಖ್ಯಸ್ಥೆಯ ಸಹಿ. ಸಲ್ಮಾ ಹಾಕಿದಳು. ಎಲ್ಲರೂ ಖಿಚುಡಿ ತಿನ್ನಲು ಹೋದರು.

ಮರುದಿನ ಅವಳ ಫೋನು. ನಾನು ಟೂಲ್ ಬಾಕ್ಸ್ ಹಿಡಿದುಕೊಂಡು ತೋಪ್ಸಿಯಾಕ್ಕೆ ಹೋದೆ. ಚೀಲದ ಬದಿಗಳೆಲ್ಲ ಹೇಗೋ ಆಗುತ್ತಿದ್ದವು. ಹಿಡಿಕೆಯ ಮೆಟ್ಟಿಲು ಬಂದ ಕೂಡಲೇ ಫೂಟ್ ಸೊಟ್ಟಗೆ ಎದ್ದು ನಿಲ್ಲುತ್ತಿತ್ತು, ಚರ್ಮ ಮುಂದೆ ಹೋಗುತ್ತಿರಲಿಲ್ಲ, ಸೂಜಿ ಒಂದೇ ತೂತಿನಲ್ಲಿ ಕುಟ್ಟುತ್ತಿತ್ತು, ಆಮೇಲೆ ಎರಡು ಹೊಲಿಗೆ ಹಾರಿಸಿ ಮುಂದಕ್ಕೆ ನೆಗೆಯುತ್ತಿತ್ತು. ನಾನು ಸೂಜಿ ಬದಲಿಸಿದೆ, ಫೂಟಿನ ಒತ್ತಡ ಇಳಿಸಿದೆ, ಜಾರಲಿ ಎಂದು ಟೆಫ್ಲಾನ್ ಫೂಟ್ ಹಾಕಿದೆ, ವೇಗ ತಗ್ಗಲೆಂದು ಮೋಟಾರಿಗೆ ಚಿಕ್ಕ ಪುಲ್ಲಿ ಹಾಕಿಸಿದೆ. ಕೈಚಕ್ರ ತಿರುಗಿಸಿ ಒಂದೊಂದೇ ಹೊಲಿಗೆಯನ್ನೂ ಪ್ರಯತ್ನಿಸಿದೆವು. ಒಂದು ಹಿಡಿಕೆ ಸರಿಯಾದರೆ ಮೂರು ಹಾಳು. ಇಲ್ಲದ ಫೀಡನ್ನು ನಾನು ಎಲ್ಲಿಂದ ತರಲಿ? ರಫ್ತುದಾರ ಕೊಟ್ಟ ಗಡುವಿನೊಳಗೆ ಇದ್ದುದರಲ್ಲಿ ಚೆನ್ನಾಗಿದ್ದ ಚೀಲಗಳನ್ನು ಕಳಿಸಿದರು. ಹಿಡಿಕೆಯ ಜಾಗದಲ್ಲಿ ಹೊಲಿಗೆ ತಪ್ಪಿದೆ, ಅಡಿಯಲ್ಲಿ ಹಲ್ಲಿನ ಗುರುತಿದೆ ಎಂದು ಎಲ್ಲ ವಾಪಸು ಬಂದವು.

ನಾನು ದೂರು ಬರೆದೆ. ಡೀಲರಿನಿಂದ ಬಂದ ಉತ್ತರ ಒಂದೇ ಸಾಲು: ಯಂತ್ರದಲ್ಲಿ ದೋಷವಿಲ್ಲ, ನಡೆಸುವವರಿಗೆ ಅಗತ್ಯ ಕೌಶಲವಿಲ್ಲ. ನಮ್ಮ ಕೇಂದ್ರ ಅದನ್ನು ಹಾಗೆಯೇ ಎತ್ತಿ ತನ್ನ ವರದಿಯಲ್ಲಿ ಹಾಕಿಕೊಂಡಿತು. ಓದಿ ಮೈಯೆಲ್ಲ ಉರಿದುಹೋಯಿತು. ಸಲ್ಮಾಳಿಗೆ ಕೌಶಲವಿಲ್ಲವಂತೆ!

ದತ್ತಾ ಸಾಹೇಬರ ಕೋಣೆಗೆ ಹೋಗಿ ಹೇಳಿದೆ: ನಮ್ಮ ತರಬೇತಿ ಕೋಣೆಯಲ್ಲಿ ಹಳೆಯ ಕಾಂಪೌಂಡ್ ಫೀಡ್ ಯಂತ್ರ ಒಂದಿದೆ. ಸಲ್ಮಾ ಅದರ ಮುಂದೆ ಎಂದೂ ಕೂತವಳಲ್ಲ. ನಿಮ್ಮೆಲ್ಲರ ಎದುರು ಕೂರಿಸುತ್ತೇನೆ, ನೋಡಿ ಆಮೇಲೆ ವರದಿ ತಿದ್ದಿ. ಅವರು ಒಪ್ಪಿದರು.

ಸಲ್ಮಾ ಬಂದಳು. ದಾರದ ದಾರಿ ತೋರಿಸಿದೆ, ಪೆಡಲಿನ ಹದ ಹೇಳಿದೆ, ಅಷ್ಟೇ. ಒಂದು ರದ್ದಿ ತುಂಡಿನ ಮೇಲೆ ಕೈ ಕೂರಿಸಿಕೊಂಡಳು. ಆಮೇಲೆ ಚೀಲ ತೂರಿಸಿ ಹಿಡಿಕೆ ಹೊಲಿಯತೊಡಗಿದಳು. ಫೂಟ್ ಮೆಟ್ಟಿಲು ಹತ್ತಿತು, ಇಳಿಯಿತು. ಒಂದು ಹೊಲಿಗೆಯೂ ತಪ್ಪಲಿಲ್ಲ. ಎರಡನೆಯ ಹಿಡಿಕೆಯೂ ಹಾಗೆಯೇ. ಅವಳು ಚೀಲವನ್ನು ಮಗುಚಿ ಅಡಿಯ ಹೊಲಿಗೆ ನೋಡಿ ನನ್ನ ಕಡೆ ತಿರುಗಿ ನಕ್ಕಳು.

ದತ್ತಾ ಸಾಹೇಬರು ಚೀಲ ಹಿಡಿದು ತಿರುಗಿಸಿ ನೋಡಿದರು. "ದಾರುಣ್!" ಎಂದರು. ಬಂಗಾಳಿಯಲ್ಲಿ ಅದು ಭಾರೀ ಮೆಚ್ಚುಗೆಯ ಮಾತು. ಆಮೇಲೆ ನನಗೆ, "ನೋಡಿದಿರಾ ಮ್ಯಾಡಮ್? ನೀವು ಪಕ್ಕದಲ್ಲಿ ನಿಂತು ಹೇಳಿಕೊಟ್ಟ ಕೂಡಲೇ ಬಂತು. ಅದನ್ನೇ ನಾವೂ ಬರೆದದ್ದು. ತರಬೇತಿಯ ಕೊರತೆ" ಎಂದರು.

"ಸರ್, ಬದಲಾದದ್ದು ಯಂತ್ರ!" ಎಂದು ನಾನು ಕೂಗಿಯೇ ಬಿಟ್ಟೆ.

"ಈ ಯಂತ್ರದಲ್ಲಿ ಕಲಿಯಲಿ ಬಿಡಿ, ಆಮೇಲೆ ಆ ಹೊಸದರಲ್ಲೂ ಬರುತ್ತೆ" ಎಂದು ಸಮಾಧಾನ ಹೇಳಿ ಅವರು ಹೊರಟರು. ಸಲ್ಮಾಳ ಹೆಸರಿಗೆ ಮೂರು ತಿಂಗಳ ಪ್ರಾಥಮಿಕ ತರಬೇತಿ ಮಂಜೂರಾಯಿತು. ಅವಳಿಗೆ ಪ್ರಾಥಮಿಕ ತರಬೇತಿ! ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಅವಳು ಸೇರಲಿಲ್ಲ. ನಾನು ಮೇಲಿನವರಿಗೆ ಬರೆದೆ, ಮತ್ತೆ ಬರೆದೆ. ವಿಷಯ ಮುಕ್ತಾಯವಾಗಿದೆ ಎಂಬ ಉತ್ತರ ಬಂತು.

ರಫ್ತುದಾರ ಕೆಲಸವನ್ನು ಬೇರೆಯವರಿಗೆ ಕೊಟ್ಟ. ಗುಂಪು ಚದುರಿತು. ಗಲ್ಲಿಯ ಹೆಂಗಸರು ಸಲ್ಮಾಳ ಮುಖಕ್ಕೇ ಹೇಳಿದರಂತೆ, ಕೆಲಸ ಗೊತ್ತಿಲ್ಲದಿದ್ದರೆ ನಮ್ಮನ್ನು ಯಾಕೆ ಎಳೆದೆ ಎಂದು. ಸರ್ಕಾರವೇ ಹಾಗೆ ಬರೆದ ಮೇಲೆ ಅವರಾದರೂ ಯಾರನ್ನು ನಂಬಬೇಕು? ಆ ಆರು ಯಂತ್ರಗಳನ್ನು ಬಟ್ಟೆ ಹೊಲಿಗೆಯ ಇನ್ನೊಂದು ಕೇಂದ್ರಕ್ಕೆ ಸಾಗಿಸಿದರು. ಅಲ್ಲಿ ಸೋಫಾ ಕವರು, ಪರದೆ ಹೊಲಿಯುತ್ತಿವೆ. ಬಹಳ ಚೆನ್ನಾಗಿ ಹೊಲಿಯುತ್ತವಂತೆ. ಹೊಲಿಯದೆ ಏನು, ಅವು ಇರುವುದೇ ಅದಕ್ಕೆ.

ನಿವೃತ್ತಳಾದ ಮೇಲೆ ಒಮ್ಮೆ ಸಲ್ಮಾಳ ಮನೆಗೆ ಹೋದೆ. ದಳ್ಳಾಳಿಯ ಚೀಲಗಳು ಮತ್ತೆ ಅವಳ ನೆಲದ ಮೇಲೆ ಬಂದಿದ್ದವು. ಆದರೆ ಅವಳು ಹೊಲಿಯುತ್ತಿರಲಿಲ್ಲ. ಬೇರೆ ಯಾರೋ ಹೊಲಿದ ಚೀಲಗಳ ಉಳಿದ ದಾರ ಕತ್ತರಿಸಿ, ಅಂಟು ಒರೆಸಿ ಜೋಡಿಸುತ್ತಿದ್ದಳು. ಆ ಕೆಲಸಕ್ಕೆ ಕೂಲಿ ತೀರಾ ಕಡಿಮೆ, ಯಾರು ಬೇಕಾದರೂ ಮಾಡಬಹುದು. ಹಳೆಯ ಯಂತ್ರ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು.

"ಯಾಕೆ ಸಲ್ಮಾ, ಹೊಲಿಯೋದಿಲ್ವಾ?" ಎಂದೆ.

ಅವಳು ಕತ್ತರಿಯಿಂದ ತಲೆ ಎತ್ತಲಿಲ್ಲ. "ಬೇಡ ಅನಿಸುತ್ತೆ ದೀದಿ. ಅಷ್ಟು ಓದಿದವರು ಎಲ್ಲರೂ ಕೂತು ಬರೆದಿದ್ದಾರೆ ಅಂದ ಮೇಲೆ, ಬಹುಶಃ ನನಗೆ ನಿಜವಾಗಿಯೂ ಬರುತ್ತಿರಲಿಲ್ಲವೋ ಏನೋ."

ಮೂವತ್ತು ವರ್ಷ ಯಂತ್ರಗಳ ಜೊತೆ ಕಳೆದು ನಾನು ಕಲಿತದ್ದು ಇದು. ತಪ್ಪು ಯಂತ್ರ ಆರಿಸಿದವರಿಗೆ ಏನೂ ಆಗುವುದಿಲ್ಲ. ಅದರ ಮುಂದೆ ಕೂತವರು ತಮ್ಮ ಕೈಯನ್ನೇ ಅನುಮಾನಿಸಲು ಶುರುಮಾಡುತ್ತಾರೆ. ಈಗ ಯಾರು ಸಲಹೆ ಕೇಳಿಕೊಂಡು ಬಂದರೂ ಮೊದಲು ಹೇಳುವುದು ಒಂದೇ: ನಿಮ್ಮ ವಸ್ತುವಿನ ಅತಿ ಕಷ್ಟದ ಜಾಗವನ್ನು, ಅದನ್ನು ದಿನಾ ಹೊಲಿಯುವವರೇ ಹೊಲಿದು ನೋಡುವ ತನಕ ಎಂಥ ಶುಭದಿನವಾದರೂ ಸಹಿ ಹಾಕಬೇಡಿ.

ಅವಳ ಮನೆಗೆ ಹೋದ ಆ ದಿನ ಸಲ್ಮಾಳಿಗೆ, "ನಿನಗೆ ಬರುತ್ತಿತ್ತು, ನಾನೇ ಕಣ್ಣಾರೆ ನೋಡಿದ್ದೇನೆ, ನೀನೂ ನೋಡಿದ್ದೀಯ" ಎಂದು ಕೈ ಹಿಡಿದು ಹೇಳಿದೆ. ಅವಳು "ಹೌದು ದೀದಿ" ಎಂದಳು, ಮನೆಗೆ ಬಂದವರ ಮನಸ್ಸು ನೋಯಿಸಬಾರದೆಂದು ಹೇಳುವ ಹಾಗೆ. ಆಮೇಲೆ ಕೈ ಬಿಡಿಸಿಕೊಂಡು ಇನ್ನೊಂದು ಚೀಲ ಎಳೆದುಕೊಂಡು ದಾರ ಕತ್ತರಿಸತೊಡಗಿದಳು.