ಸೇತುವೆಯ ಮುಂದೆ ಎಂಜಿನ್ ಆರಿಸಿದವನು

ಸಾರ್ಜೆಂಟ್ ತುಕಿರಾನ್‌ಗೆ ತೋಪು ಹೊತ್ತ ಲಾರಿ ಓಡಿಸಲು ಬರುತ್ತಿತ್ತು, ಎಂಜಿನ್ ಬಿಚ್ಚಿ ಜೋಡಿಸಲು ಬರುತ್ತಿತ್ತು, ಮೇಕೆ ಸೀಳಿ, ಕಡ್ಡಿಗೆ ಚುಚ್ಚಿ ಸಾತೆ ಸುಡಲು ಬರುತ್ತಿತ್ತು. 'ಇಲ್ಲ' ಅನ್ನುವುದು ಮಾತ್ರ ಬರುತ್ತಿರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಅವನದು. ಹೇಳಿದವರು ಹಿರಿಯರಾದರೆ ಕರುವಿಗೆ ಹೆಸರನ್ನೂ ಇಟ್ಟುಬಿಡುತ್ತಿದ್ದ. ಪೂರ್ವ ಜಾವಾದ ನಮ್ಮ ಕಡೆ ಇದನ್ನು ದೋಷ ಅಂತ ಯಾರೂ ಎಣಿಸುವುದಿಲ್ಲ. ದೊಡ್ಡವರ ಮುಖಕ್ಕೆ ಹೊಡೆದ ಹಾಗೆ 'ಆಗಲ್ಲ' ಅಂದವನನ್ನೇ ಊರು ನಾಲ್ಕು ದಿನ ಆಡಿಕೊಳ್ಳುತ್ತದೆ.

ಒಮ್ಮೆ ಒಂದೇ ಭಾನುವಾರ ಮೂರು ಮದುವೆಗಳಲ್ಲಿ ಚಪ್ಪರದ ಉಸ್ತುವಾರಿ ಒಪ್ಪಿಕೊಂಡು, ಮೂರೂ ಕಡೆ ಬೈಸಿಕೊಂಡು ಬಂದ. ಹೆಂಡತಿ ವಾರ್ತಿನಿ ಬಾಗಿಲಲ್ಲೇ ಹಿಡಿದಳು.

"ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಸಿಗಲ್ಲ ಅಂತಾರೆ. ನೀವು ಒಂದೇ ದಿನ ಮೂರು ಹೆರೋಕೆ ಹೊರಟಿದ್ರಲ್ರೀ!"

"ಕೇಳಿದೋರು ದೊಡ್ಡೋರು ಕಣೇ, ಹೆಂಗೆ ಬೇಡ ಅನ್ನಲಿ?"

"ನನಗಾದ್ರೆ ದಿನಕ್ಕೆ ಹತ್ತು ಸಲ ಅಂತೀರಿ."

ತುಕಿರಾನ್‌ನ ಅಪ್ಪ ಕಬ್ಬಿನ ಲಾರಿ ಓಡಿಸುತ್ತಿದ್ದವನು. ಗೊತ್ತಿಲ್ಲದ ಸೇತುವೆ ಎದುರಾದರೆ ಲಾರಿ ನಿಲ್ಲಿಸಿ, ಮೂತ್ರಕ್ಕೆ ಹೋಗುವವನ ಹಾಗೆ ಹೊಳೆಗಿಳಿದು, ಕಂಬಗಳ ಬುಡ ನೋಡಿಕೊಂಡು ಬರುತ್ತಿದ್ದ. "ಸೇತುವೆ ಮೇಲಿಂದ ಸುಳ್ಳು ಹೇಳುತ್ತೆ, ಕೆಳಗಿಳಿದು ಕೇಳಬೇಕು" ಅನ್ನುತ್ತಿದ್ದ. ಮಗ ಸೈನ್ಯ ಸೇರಿದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ದಂಡಿನಲ್ಲಿ ಎಲ್ಲರೂ ಅವನಿಗೆ ಸಕ್ಕರೆ ಕಾಯಿಲೆ ಅಂದುಕೊಂಡಿದ್ದರು.

ಮೊದಲ ಇಪ್ಪತ್ತು ವರ್ಷ ಅವನು ಹಳೆಯ ತೋಪುಗಳನ್ನು ಲಾರಿಯ ಹಿಂದೆ ಕಟ್ಟಿ ಎಳೆದ. ಮೈದಾನ ಮುಟ್ಟಿಸಿ ಬಿಚ್ಚಿಕೊಟ್ಟರೆ ಅವನ ಕೆಲಸ ಮುಗಿಯಿತು, ಆಮೇಲೆ ಬೀಡಿ. ಆಮೇಲೆ ಹೊಸ ತೋಪು ಬಂತು. ಇದು ಲಾರಿಯ ಬೆನ್ನ ಮೇಲೇ ಕೂತಿರುತ್ತದೆ. ನಿಂತಲ್ಲಿ ಹಿಂಗಾಲು ನೆಲಕ್ಕೆ ಊರಬೇಕು, ಆರು ಗುಂಡು ಹಾರಿಸಬೇಕು, ಕಾಲೆತ್ತಿ ಓಟ ಕೀಳಬೇಕು. ಗುಂಡು ಎಲ್ಲಿಂದ ಬಂತೆಂದು ಶತ್ರು ಲೆಕ್ಕ ಹಾಕಿ ತಿರುಗಿ ಹೊಡೆಯುವಷ್ಟರಲ್ಲಿ ಅಲ್ಲಿ ಬರೀ ಗಾಲಿಯ ಗುರುತು ಉಳಿದಿರಬೇಕು. ಹೊಡೆದವನು ಅಲ್ಲೇ ನಿಂತರೆ ಸತ್ತ. ಹಾಗಾಗಿ ನಿನ್ನೆಯವರೆಗೆ ಬೀಡಿ ಸೇದುತ್ತ ಕೂತಿದ್ದ ಡ್ರೈವರ್‌ನ ಕೈಗೆ ಒಮ್ಮೆಲೇ ಐದು ಜನರ ಜೀವ ಬಂತು.

ಲಾರಿ ಬಂದದ್ದು ಐದು ದಿನಕ್ಕೊಮ್ಮೆ ಬರುವ ಲೆಗಿ ಸಂತೆಯ ದಿನ. ತುಕಿರಾನ್ ಅದಕ್ಕೆ 'ಲೆಗಿ ಅಜ್ಜಿ' ಅಂತ ಹೆಸರಿಟ್ಟ. ನಮ್ಮ ವರ್ಷದ ಮೊದಲ ತಿಂಗಳಾದ ಸುರೋದಲ್ಲಿ ಮನೆಮನೆಯಲ್ಲಿ ಹಿರಿಯರ ಕಠಾರಿ ತೊಳೆಯುವಾಗ ಇವನು ಹೂವಿನ ನೀರಿನಲ್ಲಿ ಆರು ಗಾಲಿ ತೊಳೆದ. ಅದನ್ನು ನೋಡಿ ಹೊಟ್ಟೆ ಹಿಡಿದು ನಕ್ಕವನು ಹೊಸ ಕ್ಯಾಪ್ಟನ್ ನೈಂಗೊಲಾನ್. ಅವನು ತೋಬಾ ಸರೋವರದ ಕಡೆಯ ಬತಕ್ ಜನಾಂಗದವನು. ಆ ಜನ ಗುಟ್ಟು ಹೇಳಿದರೂ ಪಕ್ಕದ ಬೀದಿಗೆ ಕೇಳಬೇಕು.

ಅವರಿಬ್ಬರ ಮೊದಲ ಕವಾಯತಿನಲ್ಲೇ ಎಡವಟ್ಟಾಯಿತು. ಗುಂಡು ಹಾರಿಸಿ ಓಡುವ ಹೊತ್ತಿಗೆ ಕ್ಯಾಪ್ಟನ್ ಒಂದು ಒಣಗದ್ದೆ ತೋರಿಸಿ, ವಯಸ್ಸಿಗೆ ಮರ್ಯಾದೆ ಕೊಟ್ಟು 'ಪಾಕ್' ಅಂತ ಕರೆದು ಕೇಳಿದ. "ಪಾಕ್ ತುಕಿರಾನ್, ಇದರಲ್ಲಿ ಅಡ್ಡ ಹೋಗಬಹುದಾ?"

ಮೇಲೆ ಹಪ್ಪಳದಷ್ಟು ಒಣಮಣ್ಣು, ಕೆಳಗೆ ಕೆಸರು. ತುಕಿರಾನ್‌ಗೆ ಅದು ಕಣ್ಣಿಗೆ ಕಟ್ಟಿದ ಹಾಗೆ ಗೊತ್ತಿತ್ತು. ಆದರೂ ನಾಲಿಗೆ, "ಹೋಗಬಹುದು ಕೊಮಂಡಾನ್" ಅಂದಿತು.

ಅಜ್ಜಿ ಇಪ್ಪತ್ತು ಹೆಜ್ಜೆ ಹೋಗಿ ಹೊಟ್ಟೆಮಟ್ಟ ಕೂತಳು. ಎಳೆಯಲು ಎರಡು ಲಾರಿ, ಒಂದು ಹಗಲು ಬೇಕಾಯಿತು. ಕವಾಯತಿನ ಲೆಕ್ಕದಲ್ಲಿ ಡ್ರೈವರ್ ಸೇರಿ ಆರೂ ಜನ ಸತ್ತರು. ವಿಚಾರಣೆಯಲ್ಲಿ ಮೇಲಿನವರು ಕೇಳಿದಾಗ ಕ್ಯಾಪ್ಟನ್, "ದಾರಿ ಆರಿಸಿದ್ದು ನಾನು" ಅಂದುಬಿಟ್ಟ. ಆ ವರ್ಷ ಅವನ ಬಡ್ತಿ ತಪ್ಪಿತು. ತುಕಿರಾನ್ ಎರಡು ದಿನ ಅನ್ನ ಬಿಟ್ಟ. ಮೂರನೆಯ ದಿನ ಕ್ಯಾಪ್ಟನ್ ತಾನೇ ಲಾರಿ ಶೆಡ್ಡಿಗೆ ಬಂದ.

"ಹೂತುಹೋಗುತ್ತೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು ಕೊಮಂಡಾನ್."

"ಮತ್ತೆ ಬಾಯಲ್ಲಿ ಕಡುಬು ಇತ್ತಾ?"

ಕ್ಯಾಪ್ಟನ್ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತ. "ನೋಡಿ ಪಾಕ್, ನನಗೆ ಮೆತ್ತಗೆ ಮಾತಾಡೋಕೆ ಬರಲ್ಲ, ನಿಮಗೆ ಇಲ್ಲ ಅನ್ನೋಕೆ ಬರಲ್ಲ. ಇಬ್ಬರೂ ಹುಟ್ಟಿದ್ದೇ ಹಂಗೆ. ಒಂದು ಕೆಲಸ ಮಾಡಿ. ಆಗಲ್ಲ ಅನ್ನಿಸಿದ್ರೆ ಎಂಜಿನ್ ಆರಿಸಿಬಿಡಿ. ಬಾಯಿ ಬಿಡೋದೇ ಬೇಡ. ನಾನು ಯಾಕೆ ಅಂತಲೂ ಕೇಳಲ್ಲ."

ಅಷ್ಟು ದೊಡ್ಡ ಉಪಕಾರವನ್ನು ಅಷ್ಟು ಒರಟಾಗಿ ಮಾಡಿದವರನ್ನು ತುಕಿರಾನ್ ಕಂಡಿರಲಿಲ್ಲ. ನಾಲ್ಕು ವರ್ಷದಲ್ಲಿ ಏಳು ಸಲ ಎಂಜಿನ್ ಆರಿಸಿದ. ಏಳೂ ಸಲ ಕ್ಯಾಪ್ಟನ್ ತುಟಿ ಬಿಚ್ಚದೆ ದಾರಿ ಬದಲಿಸಿದ.

ಎಂಟನೆಯದು ಕಾಲಿಜೆರುಕ್ ಹೊಳೆಯ ಹತ್ತಿರ. ನಿವೃತ್ತಿಗೆ ಎಂಟು ತಿಂಗಳಿತ್ತು. ದಳದ ದೊಡ್ಡವರಾದ ಕರ್ನಲ್ ಪ್ರಾನೊತೊ ಆ ಕವಾಯತಿನ ದಾರಿಯನ್ನು ತಾವೇ ಗೆರೆ ಎಳೆದು ಗೊತ್ತುಮಾಡಿದ್ದರು. ಹಿಂದಿನ ದಿನ ದಾರಿ ನೋಡಲು ಹೋದಾಗ ತುಕಿರಾನ್ ರೂಢಿಯಂತೆ ಹೊಳೆಗಿಳಿದಿದ್ದ. ಮರಳು ತೆಗೆದು ತೆಗೆದು ನಡುವಿನ ಕಂಬದ ಬುಡ ಖಾಲಿಯಾಗಿತ್ತು. ಒಳಗೆ ಮೊಣಕೈವರೆಗೆ ಕೈ ಹೋಯಿತು. ಅಜ್ಜಿಯ ತೂಕ ಹದಿನೆಂಟು ಟನ್. ಕ್ಯಾಪ್ಟನ್‌ಗೆ ಹೇಳೋಣವೆಂದರೆ ಅವನು ಆಗಲೇ ಹೊಳೆಯಾಚೆಯ ಮುಂದಿನ ಠಾಣೆಗೆ ಹೋಗಿದ್ದ. ಕರ್ನಲ್ ಗೊತ್ತುಮಾಡಿದ ದಾರಿಗೆ ಹುಳುಕು ಎತ್ತಲು ಬೇರೆ ಯಾರ ಹತ್ತಿರವೂ ಬಾಯಿ ಬರಲಿಲ್ಲ. ಇಡೀ ದಿನ ನುಂಗಿಕೊಂಡ.

ಮರುದಿನ ಬೆಳಿಗ್ಗೆ ಸೇತುವೆಯ ಬಾಯಲ್ಲಿ ಕರ್ನಲ್ ಜೀಪಿನಿಂದಿಳಿದು ನಿಂತಿದ್ದರು. ಮೊದಲ ಲಾರಿಯೇ ಲೆಗಿ ಅಜ್ಜಿ. ಒಳಗೆ ಐದು ಜನ ಹೆಲ್ಮೆಟ್ ಹಾಕಿಕೊಂಡು, ಸೋಯಾ ಕಾಳಿನ ಹುರಿದ ಟೆಂಪೆ ಹಂಚಿಕೊಂಡು ತಿನ್ನುತ್ತಿದ್ದರು. ತುಕಿರಾನ್ ಎಂಜಿನ್ ಆರಿಸಿದ.

"ಏನಾಯ್ತು? ಕೆಟ್ಟಿತಾ?" ಕರ್ನಲ್ ಕೇಳಿದರು.

ಈ ಕರ್ನಲ್‌ಗೆ ಒಪ್ಪಂದ ಗೊತ್ತಿರಲಿಲ್ಲ.

"ಸ್ಟಾರ್ಟ್ ಮಾಡಯ್ಯ! ಕಬ್ಬಿನ ಲಾರಿಗಳು ದಿನಾ ಹೋಗ್ತವೆ."

ಕೈ ಕೀಲಿಯ ಮೇಲೆ ಹೋಯಿತು. ಅಭ್ಯಾಸ ಅಂಥದ್ದು. ಪಕ್ಕದಲ್ಲಿ ಕೂತಿದ್ದವನು ಟೆಂಪೆಯ ಕೊನೆಯ ಚೂರನ್ನು ಅವನತ್ತ ಚಾಚಿ, "ತಗೊಳಿ ಪಾಕ್" ಅಂದ. ತುಕಿರಾನ್ ಕೀಲಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಕೆಳಗಿಳಿದು ಸೆಲ್ಯೂಟ್ ಹೊಡೆದ.

"ಕೆಟ್ಟಿಲ್ಲ ಕೊಮಂಡಾನ್. ನಾನೇ ಆರಿಸಿದೆ. ಈ ಸೇತುವೆ ತಡೆಯಲ್ಲ. ನಾನು... ನಾನು ಓಡಿಸಲ್ಲ."

ಹುಟ್ಟಿದಾಗಿನಿಂದ ಅವನು ದೊಡ್ಡವರಿಗೆ ಹೇಳಿದ ಮೊದಲ 'ಇಲ್ಲ' ಅದು. ಕರ್ನಲ್‌ರ ಮುಖ ಮೆಣಸಿನಕಾಯಿಯಾಯಿತು. ಅಷ್ಟರಲ್ಲಿ ಆಚೆ ದಡದಿಂದ ಕ್ಯಾಪ್ಟನ್ ನೈಂಗೊಲಾನ್ ನಡೆದುಬಂದ. ಲಾರಿಯ ಸದ್ದು ನಿಂತದ್ದು ಅವನಿಗೆ ಅಲ್ಲಿಗೇ ಕೇಳಿಸಿತ್ತು.

"ಪಾಕ್ ತುಕಿರಾನ್ ಆರಿಸಿದ್ರೆ ಸೇತುವೆ ಮುಚ್ಚಿದೆ ಅಂತಲೇ ಅರ್ಥ ಕೊಮಂಡಾನ್. ಕೆಳಗಿಳಿದು ನೋಡೋಣ ಬನ್ನಿ."

ಕರ್ನಲ್ ಬೂಟು ಒದ್ದೆ ಮಾಡಿಕೊಂಡು ಇಳಿದರು. ಕಂಬದ ಬುಡಕ್ಕೆ ಕೈ ಹಾಕಿದರು. ಮೇಲೆ ಬಂದವರೇ ಜೀಪು ತಿರುಗಿಸಿದರು. ದಳವೆಲ್ಲ ಹದಿನಾಲ್ಕು ಕಿಲೋಮೀಟರ್ ಸುತ್ತಿಕೊಂಡು ಹೋಯಿತು. ಮಧ್ಯಾಹ್ನಕ್ಕೆ ಊರಿನವರು ಸೇತುವೆಗೆ ಬಿದಿರು ಅಡ್ಡ ಕಟ್ಟಿದರು. ಅಂದು ಸಂಜೆ ಐದೂ ಜನ, ಒಬ್ಬೊಬ್ಬರಾಗಿ, ತುಕಿರಾನ್‌ನ ಕೈ ಹಿಡಿದು ಹಣೆಗೆ ಒತ್ತಿಕೊಂಡರು.

ನಿವೃತ್ತಿಯ ದಿನ ಲಾರಿ ಶೆಡ್ಡಿನಲ್ಲೇ ಚಾಪೆ ಹಾಸಿದರು. ವಾರ್ತಿನಿ ಮತ್ತು ಓಣಿಯ ಹೆಂಗಸರು ಅರಿಶಿನದ ಅನ್ನವನ್ನು ಗೋಪುರವಾಗಿ ಕಟ್ಟಿ, ಸುತ್ತ ಸೊಪ್ಪು, ಕೋಳಿ, ಮೊಟ್ಟೆ ಜೋಡಿಸಿದ್ದರು. ಪ್ರಾರ್ಥನೆ ಮುಗಿಯಿತು. ಗೋಪುರದ ತುದಿ ಕೊಯ್ದು ಕೂತವರಲ್ಲಿ ಎಲ್ಲರಿಗಿಂತ ದೊಡ್ಡವರಿಗೆ ಮೊದಲು ಕೊಡುವುದು ಪದ್ಧತಿ. ಕರ್ನಲ್ ಪ್ರಾನೊತೊ ಮುಂದಿನ ಸಾಲಿನಲ್ಲೇ ಇದ್ದರು. ಸಹಜವಾಗಿ ಎರಡೂ ಕೈ ಚಾಚಿದರು.

ತುಕಿರಾನ್ ತಟ್ಟೆ ಹಿಡಿದು ಅವರ ಎದುರು ಬಂದು ನಿಂತ. ಗಂಡನ ಕತ್ತಿನ ನರ ಉಬ್ಬಿದ್ದು ವಾರ್ತಿನಿಗೆ ಕಂಡಿತು.

"ತಪ್ಪು ತಿಳೀಬೇಡಿ ಕೊಮಂಡಾನ್," ಅಂದ ಅವನು. "ಇದು ನಿಮಗಲ್ಲ."

ತುಕಿರಾನ್ ಮೂರನೆಯ ಸಾಲಿಗೆ ನಡೆದು, ಕಾಲು ಚಾಚಿ ಕೂತಿದ್ದ ಕ್ಯಾಪ್ಟನ್ ನೈಂಗೊಲಾನ್‌ನ ಮುಂದೆ ಮೊಣಕಾಲೂರಿದ. ತನಗಿಂತ ಹದಿನೆಂಟು ವರ್ಷ ಚಿಕ್ಕವನ ಕೈಗೆ ಎರಡೂ ಕೈಯಿಂದ ತಟ್ಟೆ ಇಟ್ಟ. ಸದಾ ಅರಚುವ ಕ್ಯಾಪ್ಟನ್ ತಟ್ಟೆ ಹಿಡಿದುಕೊಂಡು ಮೂಗು ಸೊರಸೊರ ಮಾಡಿದ.

ಕರ್ನಲ್ ಚಾಚಿದ್ದ ಕೈಗಳನ್ನು ಮೆಲ್ಲನೆ ತೊಡೆಯ ಮೇಲಿಟ್ಟುಕೊಂಡು ಹೇಳಿದರು.

"ಈ ಮನುಷ್ಯ ಎರಡನೇ ಸಲ ನನಗೆ ಇಲ್ಲ ಅಂತಿದ್ದಾನೆ. ಮೊದಲನೇ ಸಲವೂ ಸರಿಯಾಗೇ ಹೇಳಿದ್ದ."