ಫೈಲು ಓದುವಷ್ಟು ಹೊತ್ತು

ಬ್ರಹ್ಮಾವರಕ್ಕೆ ಬಂದ ಮೊದಲ ವಾರ, ಒಗೆದ ಬಟ್ಟೆ ನಾಲ್ಕನೆಯ ದಿನವೂ ಒಣಗಿರಲಿಲ್ಲ. ನಮ್ಮ ವಿಜಯಪುರದಲ್ಲಿ ಎರಡನೆಯ ಸೀರೆ ಹರವುವಷ್ಟರಲ್ಲಿ ಮೊದಲನೆಯದು ಗರಿಗರಿಯಾಗಿರುತ್ತಿತ್ತು. ಹಸಿ ವಾಸನೆಯ ಚೂಡಿದಾರ ತೊಟ್ಟೇ ಕೆಲಸಕ್ಕೆ ಹೋದೆ. ಮಂಜುಗಡ್ಡೆ ಕಾರ್ಖಾನೆಗಳಿಗೆ ನಿಯಂತ್ರಣ ಪೆಟ್ಟಿಗೆ ತಯಾರಿಸುವ ಸಣ್ಣ ವರ್ಕ್‌ಶಾಪ್ ಅದು. ಪೆಟ್ಟಿಗೆಗೆ ಪ್ರೋಗ್ರಾಂ ಬರೆಯುವುದು ನನ್ನ ಪಾಲಿನ ಕೆಲಸ.

ಬಾಡಿಗೆಗೆ ಕೋಣೆ ಕೊಟ್ಟ ಗಿರಿಜಕ್ಕ "ಉಂಬುಕೆ ಬನಿ" ಎಂದಾಗ ಅರ್ಥವಾಗಲಿಲ್ಲ. ಊಟಕ್ಕೆ ಕರೆದದ್ದೆಂದು ತಿಳಿಯಲು ತಟ್ಟೆ ಕಾಣಬೇಕಾಯಿತು. ತಟ್ಟೆಯಲ್ಲಿ ದಪ್ಪ ಕುಚ್ಚಲಕ್ಕಿ ಅನ್ನ. ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುವ ಸದ್ದಿಗೇ ಏಳುತ್ತಿದ್ದವಳು ನಾನು. ಆ ಸದ್ದಿಲ್ಲದ ಮನೆಯಲ್ಲಿ ಅರ್ಧ ತಟ್ಟೆ ಬಿಟ್ಟು ಎದ್ದೆ.

ಮಳೆಗಾಲ ಮುಗಿದ ಮೇಲೆ ಗಂಗೊಳ್ಳಿಯ ಒಂದು ಕಾರ್ಖಾನೆಯಿಂದ ಫೋನು ಬಂತು. ಯಂತ್ರ ನೋಡಿಕೊಳ್ಳುವ ಶೀನಣ್ಣ ಮಾತಾಡಿದರು.

"ಹ್ವಾಯ್, ಪ್ರೆಷರ್ ಏರ್ತಾ ಇದ್ದಿತ್, ನಿಮ್ ಪೆಟ್ಗಿ ಸುಮ್ನೆ ಕೂತಿತ್. ನಾನೇ ಕೈಯಂಗೆ ಬಂದ್ ಮಾಡ್ದೆ."

ಪ್ರೋಗ್ರಾಂ ತೆರೆದು ನೋಡಿದೆ. ತಪ್ಪು ನನ್ನದೇ. ಪೆಟ್ಟಿಗೆಯೊಳಗೆ ಹಲವು ಪ್ರಕ್ರಿಯೆಗಳು ಒಟ್ಟಿಗೆ ನಡೆಯುತ್ತವೆ, ಪ್ರತಿಯೊಂದಕ್ಕೂ ಅದರದೇ ಗಡುವು. ನೀರು ಹೆಪ್ಪುಗಟ್ಟಿಸುವ ಅಮೋನಿಯ ಅನಿಲದ ಒತ್ತಡವನ್ನು ಕ್ಷಣಕ್ಷಣಕ್ಕೂ ನೋಡಬೇಕಾದ ಪ್ರಕ್ರಿಯೆಯೊಳಗೇ ನಾನು ಮೆಮೊರಿ ಕಾರ್ಡಿನಿಂದ, ಎಷ್ಟು ಒತ್ತಡಕ್ಕೆ ಯಂತ್ರ ನಿಲ್ಲಿಸಬೇಕೆಂಬ ಅಳತೆಗಳ ಫೈಲು ಓದುವ ಸಾಲುಗಳನ್ನು ಬರೆದಿದ್ದೆ. ಕಾರ್ಡು ಕೆಟ್ಟಿತ್ತು, ಓದು ಮುಗಿಯಲಿಲ್ಲ. ಅದು ಫೈಲಿಗೆ ಕಾಯುತ್ತಿದ್ದಷ್ಟು ಹೊತ್ತೂ ಒತ್ತಡವನ್ನು ಯಾರೂ ನೋಡಲಿಲ್ಲ. ಶೀನಣ್ಣ ಅಲ್ಲಿ ಇರದಿದ್ದರೆ ಕೊಳವೆ ಒಡೆದು ಆ ವಿಷಗಾಳಿ ಹೊರಗೆ ನುಗ್ಗುತ್ತಿತ್ತೇನೋ.

ಬಸ್ಸು ಹಿಡಿದು ಗಂಗೊಳ್ಳಿಗೆ ಹೋದೆ. "ತಪ್ಪು ನಂದೇರಿ, ಯಂತ್ರದ್ದಲ್ಲ" ಎಂದೆ.

ಶೀನಣ್ಣ ನನ್ನನ್ನೇ ನೋಡಿದರು. "ಸಮ ಮಾಡ್ಕಂಡೇ ಹೋಯ್ನಿ" ಎಂದರು, ಅಷ್ಟೇ.

ಸರಿಮಾಡಿಯೇ ಹೊರಡಲೆಂದು ಎರಡು ದಿನ ಅಲ್ಲೇ ಕೂತೆ. ಪೆಟ್ಟಿಗೆ ಸರಿಹೋಗುವವರೆಗೆ ಶೀನಣ್ಣ ಒತ್ತಡದ ಮಾಪಕದ ಮುಂದಿನಿಂದ ಏಳಲಿಲ್ಲ. ಫೈಲು ಓದುವುದಕ್ಕೆ ಬೇರೆಯೇ ಪ್ರಕ್ರಿಯೆ ಮಾಡಿ, ಅದಕ್ಕೆ ಕೊನೆಯ ಆದ್ಯತೆ ಕೊಟ್ಟೆ. ಓದಿದ್ದು ಪೂರ್ತಿಯಾದರೆ ಮಾತ್ರ ಹೊಸ ಅಳತೆ, ಇಲ್ಲದಿದ್ದರೆ ಹಳೆಯದೇ. ಒತ್ತಡ ನೋಡುವ ಪ್ರಕ್ರಿಯೆ ಇನ್ನು ಕಾರ್ಡಿನ ತಂಟೆಗೇ ಹೋಗುವುದಿಲ್ಲ.

ಪರೀಕ್ಷೆಗೆಂದು ಓದಿನ ಮಧ್ಯೆಯೇ ಕಾರ್ಡನ್ನು ಹೊರಗೆಳೆದೆ. ಪರದೆಯ ಮೇಲೆ ಒತ್ತಡದ ಅಂಕಿ ಬದಲಾಗುತ್ತಲೇ ಇತ್ತು.

"ಇನ್ನೊಂದ್ ಸಲ ಎಳಿನಿ" ಎಂದರು ಶೀನಣ್ಣ.

ಐದು ಸಲ ಎಳೆಸಿದರು. ಆಮೇಲೆ ಹೆಗಲ ಮೇಲಿನ ಬೈರಾಸಿನಲ್ಲಿ ಕೈ ಒರೆಸಿಕೊಂಡು ಎದ್ದರು. "ಇನ್ ನಾನ್ ಚಾ ಕುಡುಕ್ ಹೋಪುಕ್ ಅಡ್ಡಿಲ್ಲೆ."

ಅವರು ಚಾ ಕುಡಿಯಲು ಹೊರಗೆ ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಈ ಊರಿಗೆ ಬಂದ ಮೇಲೆ ನನ್ನ ಮೇಲೆ ಯಾರೋ ಭಾರ ಬಿಟ್ಟು ಹೋದದ್ದು ಅದೇ ಮೊದಲು.

ವಾಪಸು ಬರುವಾಗ ಬಸ್ಸಿನಲ್ಲಿ ಅವ್ವನ ಫೋನು.

"ದೀಪಾವಳಿಗೆ ಬರ್ತಿ ಇಲ್ಲೋ?"

"ಬತ್ತೆ ಅವ್ವಾ."

"ಏನಂದಿ?"

"ಬರ್ತೀನವ್ವಾ."

ಅವ್ವ ನಕ್ಕಳು. ನನಗೆ ನಗು ಬರಲಿಲ್ಲ. ಗಿರಿಜಕ್ಕನ ಊರಿನ ಮಾತು ನನಗೇ ಗೊತ್ತಿಲ್ಲದೆ ನಾಲಿಗೆಗೆ ಬಂದಿತ್ತು. ಹೆತ್ತವಳಿಗೆ ನನ್ನ ಮಾತನ್ನು ಬಿಡಿಸಿ ಹೇಳಬೇಕಾಗಿ ಬಂದಿತ್ತು.